ಅಗ್ಗದ ಹಾಟ್ ಟಬ್: ಕತ್ತರಿ ಬಿದ್ದಿದ್ದು ಎಲ್ಲಿಗೆ?

1999ರ ಫೆಬ್ರವರಿ ತಿಂಗಳು. ನೆದರ್ಲೆಂಡ್ಸ್ ದೇಶದ ಬೋವೆನ್‌ಕಾರ್ಸ್‌ಪೆಲ್ ಅನ್ನೋ ಪುಟ್ಟ ಊರು. ಅಲ್ಲೊಂದು ದೊಡ್ಡ ಪುಷ್ಪ ಪ್ರದರ್ಶನ. ನಮ್ಮ ಲಾಲ್‌ಬಾಗ್ ಫ್ಲವರ್ ಶೋ ಇದೆಯಲ್ಲ, ಹಾಗೇ ಅಂತ ಇಟ್ಟುಕೊಳ್ಳಿ. ಹೂವು ನೋಡೋಕೆ ಬಂದ ಸಾವಿರಾರು ಜನ ಪಕ್ಕದಲ್ಲಿದ್ದ ಮನೆಬಳಕೆ ವಸ್ತುಗಳ ಮಳಿಗೆಗಳಿಗೂ ಒಂದು ಸುತ್ತು ಹಾಕಿದರು. ಅಲ್ಲಿ ಮಾರಾಟಕ್ಕೆ ಅಂತ ಹಾಟ್ ಟಬ್ ಇಟ್ಟಿದ್ದರು. ಬೆಚ್ಚಗಿನ ನೀರು, ಬುಳುಬುಳು ಅಂತ ಏಳೋ ಗುಳ್ಳೆ. ಯಾರೂ ಅದರೊಳಗೆ ಸ್ನಾನಕ್ಕೆ ಇಳಿಯಲಿಲ್ಲ. ಪಕ್ಕದಲ್ಲಿ ನಡೆದುಕೊಂಡು ಹೋದರು, ಅಷ್ಟೇ.

ಕೆಲವೇ ದಿನಗಳಲ್ಲಿ ಆ ಸುತ್ತಮುತ್ತಲಿನ ಆಸ್ಪತ್ರೆಗಳಿಗೆ ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ವಿಪರೀತ ಜ್ವರ, ಕೆಮ್ಮು, ನ್ಯುಮೋನಿಯಾ. ಎಲ್ಲರಿಗೂ ಸಮಾನವಾಗಿದ್ದ ಸಂಗತಿ ಒಂದೇ, ಆ ಹೂವಿನ ಪ್ರದರ್ಶನ. 32 ಜನ ಪ್ರಾಣ ಕಳೆದುಕೊಂಡರು. ತನಿಖೆ ಮಾಡುತ್ತಾ ಹೋದ ಅಧಿಕಾರಿಗಳು ಬಂದು ನಿಂತಿದ್ದು ಮಾರಾಟಕ್ಕಿಟ್ಟ ಆ ಟಬ್ಬಿನ ಮುಂದೆ.

ವೀಕ್ಷಕರೇ, ನೀರಿಗೆ ಇಳಿಯದವರನ್ನೇ ಕೊಂದ ಟಬ್ಬು ಇದು. ಹಾಗಾದರೆ ಇಳಿದವರ ಕಥೆ ಏನು?

ಈ ಪ್ರಶ್ನೆಯನ್ನು ಇವತ್ತು ಎತ್ತುವುದಕ್ಕೆ ಕಾರಣ ಇದೆ. ಮೊಬೈಲ್ ತೆರೆದರೆ ಜಾಹೀರಾತು. ವಿದೇಶದಿಂದ ನೇರವಾಗಿ ನಿಮ್ಮ ಮನೆಗೆ, ಕಂಪನಿ ಟಬ್ಬಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಜಕೂಝಿ! ಬಣ್ಣದ ಲೈಟು, ಮ್ಯೂಸಿಕ್ಕು, ನಲವತ್ತು ಜೆಟ್ಟು. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇ ನಡೆಸೋರಿಗೆ ಇದು ಈಗ ಗಿರಾಕಿ ಸೆಳೆಯೋ ಸಾಮಾನು. ಬೆಂಗಳೂರಲ್ಲಿ ವಿಲ್ಲಾ ಕಟ್ಟಿಸಿದವರಿಗೆ ಟೆರೇಸ್ ಮೇಲೆ ಒಂದು ಇರಲಿ ಅನ್ನೋ ಆಸೆ. ಆಸೆ ತಪ್ಪಲ್ಲ. ಆದರೆ ಅದೇ ಆಕಾರ, ಅದೇ ಗುಳ್ಳೆ, ಅದೇ ಲೈಟು ಇದ್ದೂ ಬೆಲೆ ಮಾತ್ರ ಅರ್ಧ ಆಯ್ತು ಅಂದರೆ, ಕತ್ತರಿ ಬಿದ್ದಿದ್ದು ಎಲ್ಲಿಗೆ? ಕಣ್ಣಿಗೆ ಕಾಣೋದಕ್ಕೆ ಬಿದ್ದಿಲ್ಲ. ಅಂದ ಮೇಲೆ ಕಾಣದೇ ಇರೋದಕ್ಕೆ ಬಿದ್ದಿದೆ. ಆ ಕಾಣದ ಸಾಮಾನುಗಳು ಟಬ್ಬಿನೊಳಗೆ ಹೇಗೆ ಬಂದವು ಅಂತ ತಿಳಿಯಬೇಕಾದರೆ ಇತಿಹಾಸಕ್ಕೇ ಹೋಗಬೇಕು.

ಜಕೂಝಿ ಅನ್ನೋದು ಒಂದು ವಸ್ತುವಿನ ಹೆಸರಲ್ಲ, ಮನೆತನದ ಹೆಸರು. ಇಟಲಿಯ ಈಶಾನ್ಯ ಭಾಗದ ಫ್ರಿಯುಲಿ ಪ್ರಾಂತ್ಯದವರು ಇವರು. ಏಳು ಜನ ಅಣ್ಣತಮ್ಮಂದಿರು. 20ನೇ ಶತಮಾನದ ಆರಂಭದಲ್ಲಿ ಹೊಟ್ಟೆಪಾಡಿಗೆ ಅಂತ ಅಮೆರಿಕಕ್ಕೆ ಹೋದವರು, ಕೊನೆಗೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ನೆಲೆನಿಂತರು. ಮೊದಲು ಮಾಡಿದ್ದು ಟಬ್ಬಲ್ಲ, ವಿಮಾನದ ಪ್ರೊಪೆಲ್ಲರ್. ಆಮೇಲೆ ವಿಮಾನವನ್ನೇ ಮಾಡೋಕೆ ಹೊರಟರು. 1921ರಲ್ಲಿ ಅವರದೇ ವಿಮಾನ ಬಿದ್ದು ಜೊಕೊಂಡೊ ಅನ್ನೋ ಸಹೋದರ ಸತ್ತ. ಮನೆಯವರು ವಿಮಾನದ ಸಹವಾಸವೇ ಬೇಡ ಅಂತ ಕೈಮುಗಿದು ನೀರಿನ ಪಂಪಿಗೆ ಇಳಿದರು. ರೈತರ ಬಾವಿಗೆ, ತೋಟಕ್ಕೆ ಪಂಪು. ವ್ಯಾಪಾರ ಕುದುರಿತು.

ಏಳು ಜನರಲ್ಲಿ ಕಿರಿಯವನು ಕ್ಯಾಂಡಿಡೊ. ಇವನ ಮಗ ಕೆನೆತ್‌ಗೆ ಪುಟ್ಟ ವಯಸ್ಸಲ್ಲೇ ಸಂಧಿವಾತ ಬಂತು. ಕೀಲುಕೀಲೂ ನೋವು. ಆಸ್ಪತ್ರೆಯಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಚಿಕಿತ್ಸೆ ಕೊಟ್ಟಾಗ ಮಗುವಿಗೆ ಕೊಂಚ ಆರಾಮ ಅನ್ನಿಸುತ್ತಿತ್ತು. ಅಪ್ಪ ಯೋಚನೆ ಮಾಡಿದ. ನಮ್ಮನೆ ಕಸುಬೇ ಪಂಪು, ಮನೆಯ ಬಾತ್‌ಟಬ್ಬಿಗೇ ಒಂದು ಇಳಿಬಿಟ್ಟರೆ ಹೇಗೆ? 1948ರ ಹೊತ್ತಿಗೆ ಅಂಥದ್ದೊಂದು ಪಂಪು ತಯಾರಾಯಿತು. 1956ರಲ್ಲಿ ಜೆ-300 ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಪ್ರಚಾರ ಕೊಟ್ಟಿದ್ದರಲ್ಲಿ ನಮ್ಮ ಟೀವಿ ಮಾಧ್ಯಮದ ಪಾಲೂ ಇದೆ. 'ಕ್ವೀನ್ ಫಾರ್ ಎ ಡೇ' ಅನ್ನೋ ಜನಪ್ರಿಯ ಅಮೆರಿಕನ್ ಕಾರ್ಯಕ್ರಮದಲ್ಲಿ ಕಷ್ಟ ಹೇಳಿಕೊಂಡು ಗೆದ್ದ ಹೆಣ್ಣುಮಕ್ಕಳಿಗೆ ಕೊಡುತ್ತಿದ್ದ ಬಹುಮಾನಗಳಲ್ಲಿ ಈ ಪಂಪೂ ಒಂದು. 1968ರಲ್ಲಿ ಅದೇ ಮನೆತನದ ಮೂರನೇ ತಲೆಮಾರಿನ ರಾಯ್ ಜಕೂಝಿ, ಜೆಟ್ಟುಗಳನ್ನು ಟಬ್ಬಿನ ಗೋಡೆಯಲ್ಲೇ ಕೂರಿಸಿಬಿಟ್ಟ. ಮಗುವಿನ ನೋವಿಗೆ ಅಂತ ಹುಟ್ಟಿದ್ದು ಶ್ರೀಮಂತರ ಶೋಕಿಯಾಯಿತು.

ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಹುಚ್ಚು ಶುರುವಾಯಿತು. ವೈನ್ ತುಂಬುವ ರೆಡ್‌ವುಡ್ ಮರದ ಹಳೇ ಪೀಪಾಯಿಗಳನ್ನು ಹಿತ್ತಲಿಗೆ ತಂದು, ಬಿಸಿನೀರು ತುಂಬಿ, ಸ್ನೇಹಿತರೆಲ್ಲ ಸೇರಿ ಕೂರೋದು. ಹಾಟ್ ಟಬ್ ಅನ್ನೋ ಹೆಸರು ಮನೆಮಾತಾಗಿದ್ದು ಹೀಗೆ. 1970ರ ದಶಕದಲ್ಲಿ ಮರದ ಜಾಗಕ್ಕೆ ಫೈಬರ್‌ಗ್ಲಾಸ್ ಬಂತು, ಆಮೇಲೆ ಅಕ್ರಿಲಿಕ್ ಬಂತು. ಪಂಪು, ಹೀಟರು, ಫಿಲ್ಟರು ಎಲ್ಲ ಒಂದೇ ಡಬ್ಬದಲ್ಲಿ. ತಂದಿಡಿ, ನೀರು ತುಂಬಿ, ಪ್ಲಗ್ ಹಾಕಿ!

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ನಮ್ಮ ಬಚ್ಚಲುಮನೆಯ ಹಂಡೆ ನೆನಪು ಮಾಡಿಕೊಳ್ಳಿ. ಒಲೆ ಉರಿ ಹಾಕಿ ನೀರು ಕಾಯಿಸೋದು, ತಂಬಿಗೆಯಲ್ಲಿ ಮೊಗೆದು ಹುಯ್ದುಕೊಳ್ಳೋದು, ಮೈಮೇಲೆ ಬಿದ್ದ ನೀರು ಮೋರಿಗೆ ಹೋಗಿಬಿಡೋದು. ಇವತ್ತಿನ ನೀರು ಇವತ್ತಿಗೇ ಮುಗೀತು. ಹಾಟ್ ಟಬ್ ಹಾಗಲ್ಲ. ಸಾವಿರ, ಸಾವಿರದಿನ್ನೂರು ಲೀಟರ್ ನೀರು ವಾರಗಟ್ಟಲೆ, ತಿಂಗಳುಗಟ್ಟಲೆ ಅದರೊಳಗೇ ಇರುತ್ತೆ. ಅದೇ ನೀರಲ್ಲಿ ಇವತ್ತು ನೀವು, ನಾಳೆ ನಿಮ್ಮ ನೆಂಟರು, ನಾಡಿದ್ದು ಹೋಂಸ್ಟೇಗೆ ಬಂದ ಗೊತ್ತಿಲ್ಲದ ನಾಲ್ಕು ಜನ. ಜಪಾನಿನವರ ಒಫುರೊ ತೊಟ್ಟಿಯಲ್ಲೂ ನೀರು ಹಂಚಿಕೊಳ್ಳುವ ಪದ್ಧತಿ ಇದೆ. ಆದರೆ ಅವರು ಹೊರಗೆ ಮೈ ತಿಕ್ಕಿ ತೊಳೆದುಕೊಂಡೇ ತೊಟ್ಟಿಗೆ ಇಳಿಯುತ್ತಾರೆ. ಕ್ಯಾಲಿಫೋರ್ನಿಯಾದವರು ತೊಟ್ಟಿ ತಂದರು, ತೊಟ್ಟಿಯ ಶಿಸ್ತು ತರಲಿಲ್ಲ. ಆ ಶಿಸ್ತಿನ ಕೆಲಸವನ್ನು ಯಂತ್ರ ಮಾಡಬೇಕಾಯಿತು. ಮತ್ತು ಯಂತ್ರ ಎಲ್ಲೆಲ್ಲಿ ಕೈಕೊಟ್ಟಿತೋ ಅಲ್ಲೆಲ್ಲ ಹೆಣ ಬಿತ್ತು.

ಮೊದಲನೆಯದು ಬಿಸಿ. ನೀರು 43 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋದ ಟಬ್ಬುಗಳಲ್ಲಿ ಕೂತವರು ಮಂಪರು ಬಂದು, ಪ್ರಜ್ಞೆ ತಪ್ಪಿ, ನೀರಲ್ಲಿ ಮುಳುಗಿ ಸತ್ತ ಪ್ರಕರಣಗಳು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮುಂದೆ ಬಂದವು. ಕುಡಿದು ಕೂತರಂತೂ ಮುಗಿದೇ ಹೋಯ್ತು. ಅದಾದ ಮೇಲೆ ಬಂದಿದ್ದು 40 ಡಿಗ್ರಿಯ ಮಿತಿ. ಇವತ್ತಿಗೂ ಒಳ್ಳೆ ಟಬ್ಬು 40 ದಾಟಲ್ಲ. ಅದಕ್ಕೆ ಒಂದು ಥರ್ಮೋಸ್ಟಾಟ್ ಸಾಲದು. ಅದು ಕೆಟ್ಟು ನಿಂತರೆ ಕರೆಂಟು ಕತ್ತರಿಸೋಕೆ ಇನ್ನೊಂದು ಪ್ರತ್ಯೇಕ ಕಾವಲುಗಾರ ಬೇಕು. ಈ ಎರಡನೇ ಕಾವಲುಗಾರ ಜಾಹೀರಾತಿನ ಫೋಟೋದಲ್ಲಿ ಕಾಣಲ್ಲ. ಅಗ್ಗ ಮಾಡೋರಿಗೆ ಮೊದಲು ಕಣ್ಣಿಗೆ ಬೀಳೋದೇ ಇದು.

ಎರಡನೆಯದು ಸೂಕ್ಷ್ಮಜೀವಿ. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಒಂದು ದೊಡ್ಡ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಅನ್ನೋ ಮಾಜಿ ಸೈನಿಕರ ಸಂಘಟನೆಯ ಸಮ್ಮೇಳನ ನಡೆಯಿತು. ಮನೆಗೆ ಹೋದವರು ಒಬ್ಬೊಬ್ಬರಾಗಿ ಮಲಗಿದರು. ಒಟ್ಟು 34 ಜನ ಸತ್ತರು. ಕಾಯಿಲೆ ಏನು ಅಂತ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. 1977ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಆ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದಕ್ಕೆ ಲೀಜನೆಲ್ಲಾ ಅಂತ ಹೆಸರು ಬಂತು. ಬೋವೆನ್‌ಕಾರ್ಸ್‌ಪೆಲ್‌ನಲ್ಲಿ ಜನರನ್ನು ಕೊಂದಿದ್ದೂ ಇದೇ.

ಈ ಬ್ಯಾಕ್ಟೀರಿಯಾಕ್ಕೆ ಇಷ್ಟವಾದ ನೀರು ಯಾವುದು ಗೊತ್ತಾ? ಉಗುರುಬೆಚ್ಚಗಿನಿಂದ 45 ಡಿಗ್ರಿವರೆಗಿನದು. ಅಂದರೆ ಹಾಟ್ ಟಬ್ಬಿನ ನೀರು ಮನುಷ್ಯನಿಗೆ ಎಷ್ಟು ಹಿತವೋ ಇದಕ್ಕೂ ಅಷ್ಟೇ ಹಿತ. ಇನ್ನು ಆ ಗುಳ್ಳೆ! ಗುಳ್ಳೆ ಒಡೆದಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಹಾರುತ್ತವೆ. ಆ ಹನಿಯಲ್ಲಿ ಬ್ಯಾಕ್ಟೀರಿಯಾ. ನೀವು ಉಸಿರೆಳೆದುಕೊಂಡರೆ ನೇರ ಶ್ವಾಸಕೋಶಕ್ಕೆ. ಅದಕ್ಕೇ ಹೂವು ನೋಡೋಕೆ ಬಂದವರು ಸತ್ತಿದ್ದು. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ಈಗಾಗಲೇ ಎದೆಯ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು.

ಒಂದು ಸಲ ಆಗಿದ್ದು ಪಾಠವಾಯಿತೇ? ಇಲ್ಲ. 2012ರಲ್ಲಿ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಊರಿನ ಒಂದು ದೊಡ್ಡ ಮಳಿಗೆ. ಅಲ್ಲೂ ಮಾರಾಟಕ್ಕಿಟ್ಟು ಓಡಿಸುತ್ತಿದ್ದ ಹಾಟ್ ಟಬ್. ಅಲ್ಲೂ ಇದೇ ಕಾಯಿಲೆ. ಇಬ್ಬರು ಸತ್ತರು. 2017ರಲ್ಲಿ ನ್ಯಾಯಾಲಯ ಆ ಮಳಿಗೆಗೆ 10 ಲಕ್ಷ ಪೌಂಡ್ ದಂಡ ಹಾಕಿತು. 2019ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಒಂದು ಜಾತ್ರೆ. ಮತ್ತೆ ಪ್ರದರ್ಶನಕ್ಕಿಟ್ಟ ಟಬ್ಬುಗಳ ಕಡೆಗೇ ತನಿಖೆ ಬೊಟ್ಟು ಮಾಡಿತು. 130ಕ್ಕೂ ಹೆಚ್ಚು ಜನರಿಗೆ ಕಾಯಿಲೆ, ನಾಲ್ಕು ಸಾವು.

ಇದನ್ನು ತಡೆಯುವುದು ರಾಕೆಟ್ ವಿಜ್ಞಾನ ಏನಲ್ಲ. ಸರಿಯಾದ ಫಿಲ್ಟರು, ಸರಿಯಾದ ಪ್ರಮಾಣದ ಕ್ಲೋರಿನ್ ಅಥವಾ ಬ್ರೋಮಿನ್, ದಿನಾ ನೀರಿನ ಪರೀಕ್ಷೆ. ಆದರೆ ಬಿಸಿನೀರಲ್ಲಿ ಕ್ಲೋರಿನ್ ಬೇಗ ಕರಗಿಹೋಗುತ್ತೆ. ಗುಳ್ಳೆ ಎದ್ದಷ್ಟೂ ಇನ್ನೂ ಬೇಗ. ಹಾಗಾಗಿ ಫಿಲ್ಟರ್ ದೊಡ್ಡದಿರಬೇಕು, ಪಂಪು ನೀರನ್ನು ಮತ್ತೆ ಮತ್ತೆ ಅದರ ಮೂಲಕ ಹಾಯಿಸಬೇಕು, ಪೈಪಿನೊಳಗೆ ನೀರು ನಿಂತು ಪಾಚಿ ಕಟ್ಟೋ ಮೂಲೆಗಳು ಇರಬಾರದು. ನಲವತ್ತು ಜೆಟ್ಟು ಅಂತ ಬೀಗುತ್ತಾರಲ್ಲ, ಒಂದೊಂದು ಜೆಟ್ಟಿಗೂ ಒಂದೊಂದು ಕೊಳವೆ. ಪಂಪಿನ ಶಕ್ತಿ ಕಡಿಮೆ ಇದ್ದು ಜೆಟ್ಟು ಜಾಸ್ತಿ ಆದರೆ ನೀರು ನಿಲ್ಲುವ ಜಾಗ ಜಾಸ್ತಿ ಆಯ್ತು ಅಂತಲೇ ಅರ್ಥ.

ಮೂರನೆಯದು ಹೇಳೋಕೆ ಕಷ್ಟ ಆಗುತ್ತೆ. 2002ರ ಜೂನ್. ವರ್ಜೀನಿಯಾ ಗ್ರೇಮ್ ಬೇಕರ್ ಅನ್ನೋ ಏಳು ವರ್ಷದ ಹುಡುಗಿ. ಈಜು ಚೆನ್ನಾಗಿ ಬರ್ತಿತ್ತು. ಒಂದು ಹಾಟ್ ಟಬ್ಬಿನಲ್ಲಿ ಆಡುತ್ತಿದ್ದಳು. ತಳದಲ್ಲಿ ನೀರು ಎಳೆದುಕೊಳ್ಳೋ ರಂಧ್ರ ಇರುತ್ತಲ್ಲ, ಅದು ಅವಳನ್ನು ಹಿಡಿದು ಎಳೆದುಕೊಂಡಿತು. ತಾಯಿ ನೀರಿಗೆ ಹಾರಿ ಎಳೆದರು, ಬಿಡಲಿಲ್ಲ. ಕೊನೆಗೆ ಇಬ್ಬರು ಗಂಡಸರು ಸೇರಿ ಎಳೆದ ರಭಸಕ್ಕೆ ಆ ರಂಧ್ರದ ಮುಚ್ಚಳವೇ ಮುರಿಯಿತು. ಅಷ್ಟರಲ್ಲಿ ಕಾಲ ಮೀರಿತ್ತು.

ಒಂದು ಪಂಪಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಲೆಕ್ಕ ಹಾಕಿ. 20 ಸೆಂಟಿಮೀಟರ್ ಅಗಲದ ರಂಧ್ರ. ಅದನ್ನು ಮೈ ಪೂರ್ತಿ ಮುಚ್ಚಿಬಿಟ್ಟಿತು, ಹಿಂದಿನಿಂದ ಪಂಪು ಎಳೀತಾ ಇದೆ. ಎರಡೂ ಬದಿಯ ಒತ್ತಡದಲ್ಲಿ ಅರ್ಧ ವಾಯುಭಾರದಷ್ಟು ವ್ಯತ್ಯಾಸ ಬಂದರೂ ಸಾಕು, 150 ಕೆಜಿಗಿಂತ ಹೆಚ್ಚಿನ ತೂಕ ಆ ಮಗುವನ್ನು ಒತ್ತಿ ಹಿಡಿದ ಹಾಗೆ. ಯಾವ ತಾಯಿ ಎಳೆದಾಳು?

ಆ ಹುಡುಗಿಯ ಅಜ್ಜ ಯಾರು ಗೊತ್ತಾ? ಜೇಮ್ಸ್ ಬೇಕರ್, ಅಮೆರಿಕದ ಮಾಜಿ ವಿದೇಶಾಂಗ ಸಚಿವ. ಅಂಥವರ ಮೊಮ್ಮಗಳಿಗೇ ಹೀಗಾಯಿತು. ತಾಯಿ ನ್ಯಾನ್ಸಿ ಬೇಕರ್ ಸುಮ್ಮನೆ ಕೂರಲಿಲ್ಲ, ಸಂಸತ್ತಿನ ಮೆಟ್ಟಿಲು ಹತ್ತಿ ಇಳಿದರು. 2007ರ ಡಿಸೆಂಬರ್ 19ರಂದು ಅಧ್ಯಕ್ಷ ಜಾರ್ಜ್ ಬುಷ್ ಆ ಮಗುವಿನ ಹೆಸರಿನ ಕಾನೂನಿಗೇ ಸಹಿ ಹಾಕಿದರು. ಮರುವರ್ಷದಿಂದ ಜಾರಿ. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಮಾರುವ ಪ್ರತಿ ಮುಚ್ಚಳ ನಿಗದಿತ ಮಾನದಂಡಕ್ಕೆ ಸರಿಹೋಗಲೇಬೇಕು. ಮೈ ಅಂಟಿಕೊಳ್ಳದ ಹಾಗೆ ಉಬ್ಬಿದ ಆಕಾರ, ಕೂದಲು ಸಿಕ್ಕಿಕೊಳ್ಳದ ಜಾಲರಿ.

ಐದು ವರ್ಷ ಬೇಕಾಯಿತು, ನೋಡಿ! ಅದಕ್ಕೂ ಮುಂಚೆಯೇ ಎಚ್ಚರಿಕೆ ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. 1993ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಮಕ್ಕಳ ಈಜುಕೊಳವೊಂದರ ರಂಧ್ರದ ಮೇಲೆ ಕೂತ ಐದು ವರ್ಷದ ಹುಡುಗಿಯ ಕರುಳನ್ನೇ ಅದು ಎಳೆದುಹಾಕಿತ್ತು. ಮುಚ್ಚಳಕ್ಕೆ ಸ್ಕ್ರೂ ಹಾಕಿರಲಿಲ್ಲ. ಆ ಮಗುವಿನ ಪರ ವಾದಿಸಿದ ವಕೀಲ ಜಾನ್ ಎಡ್ವರ್ಡ್ಸ್, ಮುಂದೆ ಉಪಾಧ್ಯಕ್ಷ ಸ್ಥಾನಕ್ಕೂ ಸ್ಪರ್ಧಿಸಿದವರು. 1997ರಲ್ಲಿ 2.5 ಕೋಟಿ ಡಾಲರ್ ಪರಿಹಾರ. ಸ್ಕ್ರೂಗೆ ಎಷ್ಟು ಖರ್ಚಾಗುತ್ತಿತ್ತು? ನೀವೇ ಹೇಳಿ. ಇನ್ನು ಕಾನೂನು ಬಂದ ಮೇಲಾದರೂ ಸರಿಹೋಯ್ತಾ? 2011ರ ಮೇ ತಿಂಗಳಲ್ಲಿ ಎಂಟು ಕಂಪನಿಗಳ ಸುಮಾರು 10 ಲಕ್ಷ ಮುಚ್ಚಳಗಳನ್ನು ಅಮೆರಿಕ ವಾಪಸ್ ತರಿಸಿಕೊಳ್ಳಬೇಕಾಯಿತು. ಅವು ತಾಳಬಲ್ಲ ನೀರಿನ ಸೆಳೆತದ ಲೆಕ್ಕವನ್ನೇ ತಪ್ಪಾಗಿ ನಮೂದಿಸಿದ್ದರು. ಕಾನೂನು, ಪ್ರಯೋಗಾಲಯ, ದಂಡ ಎಲ್ಲ ಇರುವ ದೇಶದಲ್ಲೇ ಹೀಗೆ.

ನಾಲ್ಕನೆಯದು ಕರೆಂಟು. ನೀರು ಮತ್ತು ಕರೆಂಟು ಒಂದೇ ಡಬ್ಬದಲ್ಲಿ, ಒದ್ದೆ ಮೈಯಲ್ಲಿ ಮನುಷ್ಯ ಅದರ ಮಧ್ಯದಲ್ಲಿ. ಮನುಷ್ಯನನ್ನು ಕೊಲ್ಲೋಕೆ ಎಷ್ಟು ಕರೆಂಟು ಸಾಕು ಅನ್ನೋದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಚಾರ್ಲ್ಸ್ ಡಾಲ್ಜಿಯಲ್ ಅನ್ನೋ ಪ್ರಾಧ್ಯಾಪಕರು. ಜಕೂಝಿ ಸೋದರರು ನೆಲೆನಿಂತ ಅದೇ ಬರ್ಕ್‌ಲಿಯ ವಿಶ್ವವಿದ್ಯಾಲಯದವರು. 1961ರಲ್ಲಿ ಅವರು ಒಂದು ಉಪಕರಣ ಕಂಡುಹಿಡಿದರು. ಹೋದ ಕರೆಂಟು ಅಷ್ಟೇ ವಾಪಸ್ ಬರ್ತಿದೆಯಾ ಅಂತ ಅದು ನೋಡ್ತಾ ಇರುತ್ತೆ. ಒಂದು ಆಂಪಿಯರ್‌ನ ಸಾವಿರದಲ್ಲಿ ಐದು ಭಾಗ ಕಡಿಮೆ ಬಂದರೂ, ಅದು ಯಾರದೋ ಮೈಮೇಲೆ ಹರೀತಿದೆ ಅಂತ ಲೆಕ್ಕ ಹಾಕಿ ಕಣ್ಣುಮಿಟುಕಿಸೋದರೊಳಗೆ ಲೈನ್ ಕತ್ತರಿಸುತ್ತೆ. 1968ರಲ್ಲಿ ಅಮೆರಿಕದ ವಿದ್ಯುತ್ ಸಂಹಿತೆ ಈಜುಕೊಳದ ನೀರೊಳಗಿನ ದೀಪಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಆಮೇಲೆ ಹಾಟ್ ಟಬ್ಬಿಗೂ ಬಂತು.

ನಮ್ಮಲ್ಲಿ ಇದರ ಹೆಸರು ಆರ್‌ಸಿಸಿಬಿ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ದು. ಬಹಳ ಜನ ಏನಂದುಕೊಂಡಿದ್ದಾರೆ ಅಂದರೆ, ಎಂಸಿಬಿ ಇದೆಯಲ್ಲ, ಸಾಕು ಅಂತ. ಸಾಲದು ಸ್ವಾಮಿ! ಎಂಸಿಬಿ ಕಾಯೋದು ವೈರನ್ನು, ನಿಮ್ಮನ್ನಲ್ಲ. ಅದು ಟ್ರಿಪ್ ಆಗಬೇಕಾದರೆ ಹತ್ತೋ ಹದಿನಾರೋ ಆಂಪಿಯರ್ ಮೀರಬೇಕು. ಅಷ್ಟರಲ್ಲಿ ನೀವಿರಲ್ಲ. ಅರ್ಥಿಂಗ್ ಇಲ್ಲದ ಹಳೇ ಮನೆಗೆ, ಆರ್‌ಸಿಸಿಬಿ ಇಲ್ಲದ ಹೋಂಸ್ಟೇಗೆ, ಯಾರು ಪರೀಕ್ಷೆ ಮಾಡಿದರು ಅಂತಲೇ ಗೊತ್ತಿಲ್ಲದ ಟಬ್ಬು ತಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದರೆ ಏನಾಗಬಹುದು, ಬಿಡಿಸಿ ಹೇಳಬೇಕಾ?

ಇನ್ನೂ ಒಂದು ವಿಷಯ ಇದೆ. ಅಮೆರಿಕದ ಮಾರುಕಟ್ಟೆಗೆ ಅಂತ ಮಾಡಿ ಉಳಿದ ಸರಕು ಅಗ್ಗಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಆ ಪಂಪು ಇಲ್ಲಿ ಆರನೇ ಒಂದು ಭಾಗ ನಿಧಾನಕ್ಕೆ ತಿರುಗುತ್ತೆ. ಮೋಟಾರು ಬಿಸಿಯಾಗುತ್ತೆ. ನೀರಿನ ಓಟ ಕಡಿಮೆಯಾಗುತ್ತೆ, ಫಿಲ್ಟರ್ ಕೆಲಸ ಕುಂಠಿತ ಆಗುತ್ತೆ. ಅಲ್ಲಿಗೆ ಮತ್ತೆ ಬಂದಿರಿ, ಲೀಜನೆಲ್ಲಾ ಹತ್ತಿರಕ್ಕೆ!

40 ಡಿಗ್ರಿ ಮಿತಿ, ಫಿಲ್ಟರ್, ಮುಚ್ಚಳ, ಕರೆಂಟು ಕತ್ತರಿಸುವ ಉಪಕರಣ. ಒಂದೊಂದರ ಹಿಂದೆಯೂ ಒಂದೊಂದು ಸಾವಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಬುದ್ಧಿ ಬಂತಲ್ಲ, ಅದನ್ನು ನಿಯಮವಾಗಿ ಬರೆದಿಟ್ಟರು. ಆ ನಿಯಮ ಪಾಲಿಸೋಕೆ ದುಡ್ಡು ಖರ್ಚಾಗುತ್ತೆ. ಪರೀಕ್ಷೆಗೆ ದುಡ್ಡು, ಒಳ್ಳೆ ಬಿಡಿಭಾಗಕ್ಕೆ ದುಡ್ಡು. ಅಗ್ಗದ ಟಬ್ಬಿನಲ್ಲಿ ಉಳಿಸಿರೋದು ಈ ದುಡ್ಡನ್ನೇ.

ಎಲ್ಲ ಆಮದು ಸರಕೂ ಕಳಪೆ ಅಂತ ನಾನು ಹೇಳ್ತಿಲ್ಲ. ಚೀನಾದಲ್ಲಿ ತಯಾರಾದ ಒಳ್ಳೆಯ ಟಬ್ಬುಗಳೂ ಇವೆ, ಮಾನದಂಡ ಪಾಲಿಸಿ ಅಮೆರಿಕ, ಯುರೋಪಿಗೆ ಹೋಗ್ತವೆ. ಸಮಸ್ಯೆ ದೇಶದ್ದಲ್ಲ, ವಿಳಾಸದ್ದು. ಹಾಳಾದರೆ ಕೇಳೋದು ಯಾರನ್ನ?

ಇದಕ್ಕೊಂದು ಉದಾಹರಣೆ ಟಬ್ಬಿನದಲ್ಲ, ಗೋಡೆ ಹಲಗೆಯದು. 2000ದ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಮನೆ ಕಟ್ಟೋ ಭರಾಟೆ, ಜೊತೆಗೆ ಕತ್ರೀನಾ ಚಂಡಮಾರುತದ ಹಾನಿ. ಗೋಡೆಗೆ ಹಾಕುವ ಜಿಪ್ಸಮ್ ಹಲಗೆ ಸಾಲದೆ ಚೀನಾದಿಂದ ತರಿಸಿದರು. ಕೆಲವು ಹಲಗೆಗಳಿಂದ ಗಂಧಕದ ಅನಿಲ ಹೊರಟು ಮನೆಯ ತಾಮ್ರದ ವೈರು, ಎಸಿ ಕೊಳವೆಗಳೆಲ್ಲ ಕಪ್ಪಾಗಿ ಹಾಳಾದವು. ಮನೆಯವರು ಕೋರ್ಟಿಗೆ ಹೋದರು. ತಯಾರಕರಲ್ಲಿ ಜರ್ಮನ್ ಮೂಲದ ಕ್ನೌಫ್ ಕಂಪನಿ 2011ರಲ್ಲಿ ರಾಜಿ ಮಾಡಿಕೊಂಡಿತು. ಚೀನಾದ ತೈಶಾನ್ ಕಂಪನಿ ನ್ಯಾಯಾಲಯಕ್ಕೆ ಬರೋದನ್ನೇ ನಿಲ್ಲಿಸಿತು. 2014ರಲ್ಲಿ ನ್ಯಾಯಾಂಗ ನಿಂದನೆ ಆದೇಶವೂ ಆಯಿತು. ಕೊನೆಗೆ 24.8 ಕೋಟಿ ಡಾಲರ್ ರಾಜಿ ಒಪ್ಪಂದ ಆಗಿದ್ದು 2019ರಲ್ಲಿ. ಹತ್ತು ವರ್ಷ! ಅದೂ ಸಾವಿರಾರು ಮನೆಯವರು ಒಟ್ಟಾಗಿ, ಅಮೆರಿಕದ ಫೆಡರಲ್ ನ್ಯಾಯಾಲಯದ ಬಲ ಇಟ್ಟುಕೊಂಡು ಹೋರಾಡಿದ್ದಕ್ಕೆ. ನೀವು ಒಬ್ಬರೇ, ಒಂದು ಟಬ್ಬು ಹಿಡಿದುಕೊಂಡು, ಯಾವ ದೇಶದ ಯಾವ ಕೋರ್ಟಿಗೆ ಹೋಗ್ತೀರಿ?

ನಮ್ಮ ದೇಶದಲ್ಲಿ ಕಾನೂನು ಇಲ್ಲವೇ? ಇದೆ, ಮತ್ತು ಚೆನ್ನಾಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಗೆ ಬಂದಿದ್ದು. ಅದರ 86ನೇ ಕಲಂ ಏನು ಹೇಳುತ್ತೆ? ತಯಾರಕ ಯಾರು ಅಂತ ಗೊತ್ತಿಲ್ಲದೇ ಇದ್ದರೆ, ಗೊತ್ತಿದ್ದರೂ ಅವನಿಗೆ ನೋಟಿಸ್ ಮುಟ್ಟಿಸೋಕೆ ಆಗದೇ ಇದ್ದರೆ, ಅಥವಾ ಅವನು ಭಾರತದ ಕಾನೂನಿನ ವ್ಯಾಪ್ತಿಗೇ ಬಾರದೇ ಇದ್ದರೆ, ಆ ವಸ್ತುವನ್ನು ಮಾರಿದವನನ್ನು ಹೊಣೆ ಮಾಡಬಹುದು. ವ್ಯಾಪಾರಕ್ಕಾಗಿ ಆಮದು ಮಾಡಿಕೊಳ್ಳುವವನೂ ಮಾರಾಟಗಾರನ ಲೆಕ್ಕಕ್ಕೇ ಬರುತ್ತಾನೆ. ಅಂದರೆ ಬೆಂಗಳೂರಿನ ಅಂಗಡಿಯವನು 'ನಾನೇನು ಮಾಡಲಿ, ಅದು ಫಾರಿನ್ ಮಾಲು' ಅಂತ ಕೈತೊಳೆದುಕೊಳ್ಳೋ ಹಾಗಿಲ್ಲ. ಬಹಳ ದೊಡ್ಡ ರಕ್ಷಣೆ ಇದು.

ಆದರೆ ಯೋಚನೆ ಮಾಡಿ. ಮೊಬೈಲಲ್ಲಿ ಬಟನ್ ಒತ್ತಿ ವಿದೇಶದಿಂದ ನೇರವಾಗಿ ನೀವೇ ತರಿಸಿಕೊಂಡರೆ ಇಲ್ಲಿ ಮಾರಿದವನು ಯಾರು? ಆಮದು ಮಾಡಿಕೊಂಡವನು ಯಾರು? ನೀವೇ! ಮಧ್ಯದ ವ್ಯಾಪಾರಿಯನ್ನು ಬಿಟ್ಟು ದುಡ್ಡು ಉಳಿಸಿದೆ ಅಂತ ಖುಷಿಪಡ್ತೀರಲ್ಲ, ಬಿಟ್ಟಿದ್ದು ಬರೀ ವ್ಯಾಪಾರಿಯನ್ನಲ್ಲ, ನಾಳೆ ಕೊರಳಪಟ್ಟಿ ಹಿಡಿದು ಕೇಳಬಹುದಾಗಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು. ಹೋಂಸ್ಟೇ ಮಾಲೀಕರು ಇನ್ನೂ ಹುಷಾರಾಗಿರಬೇಕು. ನಿಮ್ಮ ಅತಿಥಿಗೆ ಏನಾದರೂ ಆದರೆ ಅವರು ಬಂದು ಕೇಳೋದು ಗುವಾಂಗ್‌ಝೌನ ಫ್ಯಾಕ್ಟರಿಯನ್ನಲ್ಲ, ನಿಮ್ಮನ್ನ.

ಬಿಸಿನೀರಿನ ಅಪಾಯ ನಮಗೆ ಹೊಸದೂ ಅಲ್ಲ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ, ಕಾರ್ಬನ್ ಮಾನಾಕ್ಸೈಡ್‌ಗೆ ಉಸಿರು ಕಟ್ಟಿ ಸತ್ತವರ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಎಲೆಕ್ಟ್ರಿಕ್ ಗೀಸರ್‌ಗೆ, ನೀರು ಕಾಯಿಸೋ ರಾಡ್‌ಗೆ ಐಎಸ್‌ಐ ಗುರುತು ಬೇಕು ಅಂತ ಕೇಂದ್ರ ಸರ್ಕಾರ 2003ರಲ್ಲೇ ಆದೇಶ ಮಾಡಿತ್ತು. ಐನೂರು ರೂಪಾಯಿ ರಾಡ್ ತರುವಾಗ ಗುರುತು ನೋಡೋ ನಾವು, ಲಕ್ಷದ ಟಬ್ಬು ತರುವಾಗ ಲೈಟಿನ ಬಣ್ಣ ನೋಡ್ತೀವಿ.

ಕೊನೆಯದಾಗಿ ಟೆರೇಸ್ ವಿಷಯ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಟಬ್ಬು. 1200 ಲೀಟರ್ ನೀರು ಅಂದರೆ 1200 ಕೆಜಿ. ಟಬ್ಬಿನ ತೂಕ, ನಾಲ್ಕು ಜನರ ತೂಕ ಸೇರಿಸಿ, ಹೆಚ್ಚುಕಡಿಮೆ 1800 ಕೆಜಿ. ಒಂದು ಚದರ ಮೀಟರಿಗೆ 450 ಕೆಜಿ. ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಮನೆಯ ಕೋಣೆಯ ನೆಲವನ್ನು ವಿನ್ಯಾಸ ಮಾಡೋದು ಚದರ ಮೀಟರಿಗೆ ಸುಮಾರು 200 ಕೆಜಿ ಭಾರಕ್ಕೆ, ಜನ ಓಡಾಡುವ ತಾರಸಿಯನ್ನು ಸುಮಾರು 150 ಕೆಜಿಗೆ. ಮೂರು ಪಟ್ಟು ಭಾರ! ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸದೆ ಟಬ್ಬು ಮೇಲಕ್ಕೆ ಹತ್ತಿಸಿದರೆ ಕೆಳಗೆ ಮಲಗಿರೋರ ಗತಿ? ಜೊತೆಗೆ ಕರೆಂಟು ಬಿಲ್ಲು. 1200 ಲೀಟರ್ ನೀರನ್ನು 20 ಡಿಗ್ರಿಯಿಂದ 38ಕ್ಕೆ ಏರಿಸೋಕೆ 25 ಯೂನಿಟ್ ಬೇಕು. 3 ಕಿಲೋವ್ಯಾಟ್ ಹೀಟರ್ ಎಂಟು ಗಂಟೆಗೂ ಹೆಚ್ಚು ಹೊತ್ತು ಉರಿಯಬೇಕು. ಒಳ್ಳೆ ಟಬ್ಬಿನ ಗೋಡೆಯೊಳಗೆ ದಪ್ಪ ಫೋಮ್ ಇರುತ್ತೆ, ಶಾಖ ಹಿಡಿದಿಡುತ್ತೆ. ಅಗ್ಗದ್ದರಲ್ಲಿ ಆ ಜಾಗ ಖಾಲಿ ಇದ್ದರೆ, ಉಳಿಸಿದ ದುಡ್ಡನ್ನು ಪ್ರತಿ ತಿಂಗಳು ಬೆಸ್ಕಾಂಗೋ ಸೆಸ್ಕ್‌ಗೋ ಕಟ್ಟುತ್ತಾ ಇರಿ. ಅಗ್ಗದಾಸೆಗೆ ಮುಗ್ಗಿದ ಜೋಳ ತಂದ ಹಾಗೆ.

ಹಾಗಾದರೆ ತಗೊಳ್ಳಲೇಬಾರದಾ? ತಗೊಳ್ಳಿ. ಯಾರು ಬೇಡ ಅಂದರು? ಆದರೆ ಮಾರೋನ ಮುಂದೆ ಕೂತು ಕೆಲವು ಪ್ರಶ್ನೆ ಕೇಳಿ. 40 ಡಿಗ್ರಿ ದಾಟಿದರೆ ತಾನಾಗೇ ಆಫ್ ಆಗುತ್ತಾ, ಅದಕ್ಕೆ ಎರಡನೇ ಸೆನ್ಸರ್ ಇದೆಯಾ? ನೀರೆಳೆಯುವ ರಂಧ್ರ ಒಂದೇ ಇದೆಯಾ, ಎರಡಿವೆಯಾ, ಮುಚ್ಚಳ ಯಾವ ಮಾನದಂಡದ್ದು? ವಿದ್ಯುತ್ ಸುರಕ್ಷತೆಯ ಪರೀಕ್ಷಾ ವರದಿ ಎಲ್ಲಿ, ಅದು ಇದೇ ಮಾಡೆಲ್‌ದಾ? ಪಂಪು 230 ವೋಲ್ಟ್, 50 ಹರ್ಟ್ಸ್‌ದಾ? ಮುಂದಿನ ವರ್ಷ ಬೋರ್ಡು ಸುಟ್ಟರೆ ಬದಲಿ ಬೋರ್ಡು ಎಲ್ಲಿ ಸಿಗುತ್ತೆ, ಯಾರು ಬಂದು ಹಾಕಿಕೊಡ್ತಾರೆ? ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ ಇದೆಯಾ?

ಇಷ್ಟಕ್ಕೂ ನೆಟ್ಟಗೆ ಉತ್ತರ ಕೊಡೋನು ಟಬ್ಬನ್ನು ಅರ್ಧ ಬೆಲೆಗೆ ಮಾರಲ್ಲ. ಅರ್ಧ ಬೆಲೆಗೆ ಮಾರೋನು ಉತ್ತರ ಕೊಡಲ್ಲ. ವಿಶೇಷವಾಗಿ ಆ ಕೊನೆಯ ಪ್ರಶ್ನೆಗೆ.

ಹಾಗಾಗಿ ವೀಕ್ಷಕರೇ, ರೇಟು ಕೇಳೋದಕ್ಕೆ ಮುಂಚೆ ಅಡ್ರೆಸ್ ಕೇಳಿ.